ಕಾಸರಗೋಡಿನ ಮಳೆಗೆ ಸೂಕ್ಷ್ಮ ಗ್ರಿಡ್‌ನ ಹವಾಮಾನ ಮಾದರಿ: ಕಂಪ್ಯೂಟರಿನಲ್ಲಿ ಓಡಿಸಿ, ಅಂಗಳದ ಮಳೆಮಾಪಕದಲ್ಲಿ ತಾಳೆ ನೋಡುವ ಕ್ರಮ

ಜೂನ್, ಜುಲೈ ತಿಂಗಳುಗಳಲ್ಲಿ ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆಯ ಅಡಿಕೆ ಕೃಷಿಕರಿಗೆ ಬೇಕಾಗುವ ಹವಾಮಾನ ಮಾಹಿತಿ ತೀರಾ ನಿರ್ದಿಷ್ಟವಾದದ್ದು. ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ ಬಿಡಬೇಕಾದರೆ ಅಡಿಕೆ ಗೊನೆಯ ನೀರು ಆರಿರಬೇಕು, ಬಿಟ್ಟ ಮದ್ದು ಕಾಯಿಗೆ ಹಿಡಿದುಕೊಳ್ಳುವಷ್ಟು ಹೊತ್ತು ಮಳೆ ಬರಬಾರದು, ಮರ ಹತ್ತಿ ಮದ್ದು ಬಿಡುವವರು ಅದೇ ದಿನ ಸಿಗಬೇಕು. ‘ಜಿಲ್ಲೆಯ ಕೆಲವೆಡೆ ಭಾರೀ ಮಳೆಯ ಸಾಧ್ಯತೆ’ ಎಂಬ ಒಂದು ಸಾಲನ್ನು ನಂಬಿ ಇಷ್ಟೆಲ್ಲ ಏರ್ಪಾಡು ಮಾಡುವುದು ಕಷ್ಟ. ಎಷ್ಟು ಹೊತ್ತಿಗೆ ಮಳೆ ಬಿಡಬಹುದು, ಬಿಟ್ಟ ಮಳೆ ಮತ್ತೆ ಹಿಡಿಯುವುದು ಯಾವಾಗ ಎಂಬುದು ಗಂಟೆಯ ಲೆಕ್ಕದಲ್ಲಿ ಬೇಕಾಗುತ್ತದೆ.

ಹಾಗಾದರೆ ಸೂಕ್ಷ್ಮ ಗ್ರಿಡ್‌ನ ಸಂಖ್ಯಾತ್ಮಕ ಹವಾಮಾನ ಮಾದರಿಯೊಂದನ್ನು, ಅಂದರೆ ವಾತಾವರಣವನ್ನು ಸಣ್ಣ ಚೌಕಗಳಾಗಿ ಹಂಚಿ ಮುನ್ಸೂಚನೆ ಲೆಕ್ಕಹಾಕುವ ಕಂಪ್ಯೂಟರ್ ಕಾರ್ಯಕ್ರಮವನ್ನು, ನಾವೇ ಓಡಿಸಿ ನೋಡಬಹುದೇ? ಖಂಡಿತ ನೋಡಬಹುದು. ಅದಕ್ಕೆ ಬೇಕಾದ ತಂತ್ರಾಂಶವೂ ದತ್ತಾಂಶವೂ ಉಚಿತವಾಗಿ ಸಿಗುತ್ತವೆ, ಲಿನಕ್ಸ್ ಬಳಕೆ ತಕ್ಕಮಟ್ಟಿಗೆ ಗೊತ್ತಿರುವ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಇದು ಕೈಗೆ ಎಟುಕುವ ಕೆಲಸ. ನಾಳೆ ಮಳೆ ಇದೆಯೇ ಎಂದಷ್ಟೇ ತಿಳಿಯಬೇಕಾದವರು ಮಾತ್ರ ಇಷ್ಟು ಶ್ರಮಪಡಬೇಕಾಗಿಲ್ಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನಶಾಸ್ತ್ರ ಸಂಸ್ಥೆ ರೂಪಿಸಿದ 6 ಕಿ.ಮೀ. ಗ್ರಿಡ್‌ನ ‘ಭಾರತ್ ಫೋರ್ಕಾಸ್ಟ್ ಸಿಸ್ಟಮ್’ 2025ರ ಮೇ ತಿಂಗಳಿನಿಂದ ಬಳಕೆಯಲ್ಲಿದೆ, ಹವಾಮಾನ ಇಲಾಖೆಯ ಮುನ್ಸೂಚನೆಗಳು ಎಲ್ಲರಿಗೂ ಲಭ್ಯವಿವೆ. ಒಂದು ಹೊಳೆಯ ಜಲಾನಯನ ಪ್ರದೇಶಕ್ಕೋ ಒಂದು ಬೆಳೆಯ ಕೆಲಸಕ್ಕೋ ಹೊಂದುವ ಮುನ್ಸೂಚನೆಯನ್ನು ಕಟ್ಟಿ, ಅದನ್ನು ಇಡೀ ಮಳೆಗಾಲ ಪರೀಕ್ಷಿಸುವ ತಾಳ್ಮೆಯುಳ್ಳವರಿಗಾಗಿ ಮುಂದಿನ ವಿವರ.

ಮೊದಲು ಪ್ರಶ್ನೆ, ಆಮೇಲೆ ಗ್ರಿಡ್

ಗ್ರಿಡ್ ಎಷ್ಟು ಚಿಕ್ಕದಾದರೆ ಮುನ್ಸೂಚನೆ ಅಷ್ಟು ಒಳ್ಳೆಯದು ಎಂಬ ನಂಬಿಕೆಯನ್ನು ಆರಂಭದಲ್ಲೇ ಬಿಡಬೇಕು. ಮಾದರಿಯು ವಾತಾವರಣವನ್ನು ಚೌಕಗಳಾಗಿಯೂ ಪದರಗಳಾಗಿಯೂ ವಿಭಾಗಿಸಿ, ಪ್ರತಿಯೊಂದು ಬಿಂದುವಿನಲ್ಲಿ ಗಾಳಿ, ಒತ್ತಡ, ಉಷ್ಣತೆ, ತೇವಾಂಶಗಳು ಹೇಗೆ ಬದಲಾಗುತ್ತವೆ ಎಂಬ ಸಮೀಕರಣಗಳನ್ನು ಕೆಲವೇ ಸೆಕೆಂಡುಗಳ ಹೆಜ್ಜೆಗಳಲ್ಲಿ ಬಿಡಿಸುತ್ತಾ ಹೋಗುತ್ತದೆ. ಚೌಕದ ಬದಿಯನ್ನು ಮೂರನೇ ಒಂದಕ್ಕೆ ಇಳಿಸಿದರೆ ಉದ್ದದಲ್ಲಿ ಮೂರು ಪಟ್ಟು, ಅಗಲದಲ್ಲಿ ಮೂರು ಪಟ್ಟು ಬಿಂದುಗಳಾಗುತ್ತವೆ, ಕಾಲದ ಹೆಜ್ಜೆಯನ್ನೂ ಅದೇ ಪ್ರಮಾಣದಲ್ಲಿ ಕಿರಿದುಮಾಡಬೇಕಾಗುತ್ತದೆ. ಹೀಗೆ ಒಟ್ಟು ಲೆಕ್ಕ 27 ಪಟ್ಟು ಏರುತ್ತದೆ. ರಾತ್ರಿಯೊಳಗೆ ಮುಗಿಯುತ್ತಿದ್ದ ಲೆಕ್ಕಕ್ಕೆ ವಾರ ಹಿಡಿದರೆ ಅದನ್ನು ಮುನ್ಸೂಚನೆ ಎನ್ನಲಾಗದು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳುವುದು ಒಳ್ಳೆಯದು, ಏಕೆಂದರೆ ಫಲಿತಾಂಶ ಓದುವಾಗ ಎಲ್ಲವೂ ಅದರ ಮೇಲೆಯೇ ನಿಲ್ಲುತ್ತದೆ. 3 ಕಿ.ಮೀ. ಗ್ರಿಡ್ ಎಂದಮಾತ್ರಕ್ಕೆ 3 ಕಿ.ಮೀ. ಅಗಲದ ಮೋಡವನ್ನು ಮಾದರಿ ಸರಿಯಾಗಿ ಹಿಡಿಯುತ್ತದೆ ಎಂದು ಅರ್ಥವಲ್ಲ. ಈ ಲೇಖನದಲ್ಲಿ ಬಳಸುವ ವರ್ಫ್ (WRF) ಎಂಬ ಮಾದರಿಯು ಗ್ರಿಡ್ ಅಂತರದ ಸುಮಾರು ಏಳು ಪಟ್ಟಿಗಿಂತ ಕಿರಿದಾದ ಚಲನೆಗಳನ್ನು ಅವುಗಳ ನಿಜವಾದ ಬಲದಲ್ಲಿ ತೋರಿಸುವುದಿಲ್ಲ ಎಂದು ಹವಾಮಾನ ವಿಜ್ಞಾನಿ ವಿಲಿಯಂ ಸ್ಕಮರಾಕ್ 2004ರಲ್ಲಿ ತೋರಿಸಿಕೊಟ್ಟರು. ಅಂದರೆ 3 ಕಿ.ಮೀ. ಗ್ರಿಡ್ಡಿನಲ್ಲಿ ನಂಬಿಕೆಯಿಂದ ಓದಬಹುದಾದದ್ದು 20 ಕಿ.ಮೀ. ಆಸುಪಾಸಿನ ವಿನ್ಯಾಸ. ಸ್ಥೂಲವಾಗಿ ಹೇಳಿದರೆ ಅದು ಕುಂಬಳೆಗೂ ಪೆರ್ಲಕ್ಕೂ ನಡುವಿನ ವ್ಯತ್ಯಾಸ. ನಿಮ್ಮ ತೋಟಕ್ಕೂ ಪಕ್ಕದ ಮನೆಯವರ ತೋಟಕ್ಕೂ ಇರುವ ವ್ಯತ್ಯಾಸವನ್ನು ಯಾರ ಕಂಪ್ಯೂಟರೂ ಹೀಗೆ ಹೇಳಲಾರದು.

ನಮ್ಮ ಪ್ರಶ್ನೆಗೆ 3 ಕಿ.ಮೀ. ಸಾಕು. ಹೊರಗೊಂದು 9 ಕಿ.ಮೀ. ವಲಯ, ಅದರೊಳಗೆ 3 ಕಿ.ಮೀ. ವಲಯ ಎಂಬ ಎರಡು ಹಂತದ ವ್ಯವಸ್ಥೆಯಿಂದ ಆರಂಭಿಸಿರಿ.

ಯಂತ್ರ ಮತ್ತು ತಂತ್ರಾಂಶ

ವರ್ಫ್ ಅಮೆರಿಕದ ಸಂಸ್ಥೆಗಳು ಸೇರಿ ಬೆಳೆಸಿದ, ಬಹುಪಾಲು ಫೋರ್ಟ್ರಾನ್ ಭಾಷೆಯಲ್ಲಿರುವ ಮುಕ್ತ ಮಾದರಿ. ಎಂಟು ಅಥವಾ ಹದಿನಾರು ಕೋರ್‌ಗಳ ಒಂದು ಡೆಸ್ಕ್‌ಟಾಪ್, ಫೋರ್ಟ್ರಾನ್ ಕಂಪೈಲರ್, ಹಲವು ಕೋರ್‌ಗಳನ್ನು ಒಟ್ಟಿಗೆ ದುಡಿಸುವ ಎಂಪಿಐ ಹಾಗೂ ದತ್ತಾಂಶದ ಕಡತಗಳನ್ನು ಓದಿ ಬರೆಯುವ ನೆಟ್‌ಸಿಡಿಎಫ್ ಲೈಬ್ರರಿಗಳು ಇದ್ದರೆ ಆರಂಭಿಸಬಹುದು. ಎಲ್ಲ ಲೈಬ್ರರಿಗಳನ್ನೂ ಒಂದೇ ಕಂಪೈಲರ್‌ನಿಂದ ಕಟ್ಟಿರಿ. ಅನುಸ್ಥಾಪನೆಯಲ್ಲಿ ಬರುವ ತೊಡಕುಗಳಲ್ಲಿ ಬಹುಪಾಲು ಇದನ್ನು ಪಾಲಿಸದಿರುವುದರಿಂದಲೇ ಹುಟ್ಟುತ್ತವೆ. ಮೊದಲು ವರ್ಫ್, ಆಮೇಲೆ ಅದರ ಪೂರ್ವಸಿದ್ಧತೆಯ ಭಾಗವಾದ ಡಬ್ಲ್ಯುಪಿಎಸ್, ಇದೇ ಕ್ರಮದಲ್ಲಿ ಕಂಪೈಲ್ ಮಾಡಬೇಕು. ಭೂಮೇಲ್ಮೈಯ ಸ್ಥಿರ ದತ್ತಾಂಶಕ್ಕೆ ಹತ್ತಾರು ಜಿಬಿ ಜಾಗ ಬೇಕಾಗುತ್ತದೆ, ಅಷ್ಟನ್ನು ಹಾರ್ಡ್‌ಡಿಸ್ಕಿನಲ್ಲಿ ಮೊದಲೇ ಬಿಟ್ಟಿರಿ.

ವಲಯ ಗುರುತಿಸುವುದು

ಇಲ್ಲಿ ಅವಸರ ಬೇಡ. ರಾಜ್ಯದ ಗಡಿಯನ್ನೋ ಜಿಲ್ಲೆಯ ಗಡಿಯನ್ನೋ ನೋಡಿ ವಲಯ ಹಾಕುವುದು ಸರಿಯಲ್ಲ. ಕಾಸರಗೋಡಿನಲ್ಲಿ ಚಂದ್ರಗಿರಿ ಎಂದು ಕರೆಸಿಕೊಳ್ಳುವ ಪಯಸ್ವಿನಿ ಹುಟ್ಟುವುದು ಕೊಡಗಿನಲ್ಲಿ, ಹರಿದು ಬರುವುದು ಸುಳ್ಯದ ಮೂಲಕ. ನಮ್ಮಲ್ಲಿ ಹೊಳೆ ತುಂಬಿ ಬರಬೇಕಾದರೆ ಘಟ್ಟದ ಮೇಲೆ ಮಳೆ ಸುರಿದಿರಬೇಕು. ಮಳೆ ತರುವ ಗಾಳಿಯಾದರೋ ಬರುವುದು ಅರಬ್ಬೀ ಸಮುದ್ರದ ಕಡೆಯಿಂದ. ಆದ್ದರಿಂದ ಪಶ್ಚಿಮಕ್ಕೆ ಸಾಕಷ್ಟು ಸಮುದ್ರವೂ ಪೂರ್ವಕ್ಕೆ ಘಟ್ಟದ ಆಚೆಯ ಇಳಿಜಾರೂ ಒಳವಲಯದಲ್ಲೇ ಇರಬೇಕು.

ಹೊರವಲಯಕ್ಕೆ 12.5 ಡಿಗ್ರಿ ಉತ್ತರ, 74 ಡಿಗ್ರಿ ಪೂರ್ವವನ್ನು ಕೇಂದ್ರವಾಗಿಟ್ಟು, ಎರಡೂ ದಿಕ್ಕಿಗೆ 200ರಷ್ಟು ಬಿಂದುಗಳನ್ನು ಕೊಡಿರಿ. ಇದು ಸುಮಾರು 1,800 ಕಿ.ಮೀ. ಅಗಲದ ಪ್ರದೇಶ. ಒಳವಲಯಕ್ಕೆ 151ರಂತೆ ಬಿಂದುಗಳನ್ನು ಕೊಟ್ಟು, ಅದರ ನಡುಭಾಗ 74.8 ಡಿಗ್ರಿ ಪೂರ್ವದ ಹತ್ತಿರ ಬರುವಂತೆ ಮಾಡಿದರೆ, ಅದರ ಪಶ್ಚಿಮದ ಅಂಚು ಲಕ್ಷದ್ವೀಪದ ಬಳಿಯೂ ಪೂರ್ವದ ಅಂಚು ಮೈಸೂರಿನಿಂದ ತುಸು ಆಚೆಗೂ ನಿಲ್ಲುತ್ತದೆ. ಉತ್ತರದಲ್ಲಿ ಹೊನ್ನಾವರ ಒಳಗೇ ಬರುತ್ತದೆ, ದಕ್ಷಿಣದ ಅಂಚು ತ್ರಿಶೂರಿನ ಆಸುಪಾಸಿನದು. ಎರಡು ವಲಯಗಳ ಅಂತರದ ಅನುಪಾತ 3 ಆಗಿರುವುದರಿಂದ ಒಳವಲಯದ ಬಿಂದುಗಳ ಸಂಖ್ಯೆಯಿಂದ ಒಂದನ್ನು ಕಳೆದರೆ ಉಳಿದದ್ದು 3ರಿಂದ ನಿಶ್ಶೇಷವಾಗಿ ಭಾಗವಾಗಬೇಕು. 151 ಎಂಬ ಸಂಖ್ಯೆ ಬಂದದ್ದು ಹೀಗೆ. ದುಂಡು ಭೂಮಿಯನ್ನು ಸಮತಟ್ಟು ನಕ್ಷೆಗೆ ಇಳಿಸುವ ಬಗೆಗಳಲ್ಲಿ ನಮ್ಮ ಅಕ್ಷಾಂಶಕ್ಕೆ ಮರ್ಕೇಟರ್ ನಕ್ಷಾಪ್ರಕ್ಷೇಪ ಹೊಂದುತ್ತದೆ. ಲಂಬ ದಿಕ್ಕಿನಲ್ಲಿ 45 ಪದರಗಳು, ಮೇಲ್ತುದಿ ಗಾಳಿಯ ಒತ್ತಡ 50 ಹೆಕ್ಟೊಪಾಸ್ಕಲ್ ಇರುವ ಎತ್ತರದಲ್ಲಿ ಇರಲಿ.

ಘಟ್ಟದ ಶಿಖರಗಳ ಮೇಲೆಯೇ ವಲಯದ ಅಂಚು ಹಾದುಹೋಗುವಂತೆ ಎಂದಿಗೂ ಇಡಬಾರದು. ಹೊರವಲಯದ ಬೆಟ್ಟದ ಎತ್ತರವೂ ಒಳವಲಯದ ಎತ್ತರವೂ ಅಂಚಿನಲ್ಲಿ ಹೊಂದಿಕೊಳ್ಳದೆ, ನಿಜದಲ್ಲಿ ಇಲ್ಲದ ಮಳೆಪಟ್ಟಿಯೊಂದು ಅಲ್ಲಿ ಕಾಣಿಸಿಕೊಳ್ಳುತ್ತದೆ.

ಗುಡ್ಡ, ತೋಟ, ಕಡಲತೀರ

ಜಿಯೋಗ್ರಿಡ್ ಎಂಬ ಕಾರ್ಯಕ್ರಮವನ್ನು ಓಡಿಸಿದಾಗ ಬೆಟ್ಟಗಳ ಎತ್ತರ, ನೆಲದ ಬಳಕೆ, ಮಣ್ಣಿನ ಬಗೆಗಳು ನಿಮ್ಮ ಗ್ರಿಡ್ಡಿಗೆ ಇಳಿಯುತ್ತವೆ. ಹೆಚ್ಚಿನವರು ಈ ಹಂತವನ್ನು ದಾಟಿ ಮುಂದಕ್ಕೆ ಹೋಗಿಬಿಡುತ್ತಾರೆ. ನೀವು ಹಾಗೆ ಮಾಡದೆ, ಎತ್ತರದ ನಕ್ಷೆಯನ್ನು ಬಿಡಿಸಿ ಪರದೆಯ ಮೇಲೆ ಇಟ್ಟುಕೊಳ್ಳಿರಿ. ಕೊಡಗಿನ ತಡಿಯಂಡಮೋಳ್ ಶಿಖರದ ಎತ್ತರ 1,748 ಮೀಟರ್. ಮಾದರಿಯ ಚೌಕದಲ್ಲಿ ಅದು ಸುತ್ತಲಿನ ಇಳಿಜಾರುಗಳೊಂದಿಗೆ ಸರಾಸರಿಯಾಗಿ ಗಣನೀಯವಾಗಿ ತಗ್ಗಿರುತ್ತದೆ. ಪೈವಳಿಕೆಯ ಕಡೆಯ ಪೊಸಡಿಗುಂಪೆ ಒಂದು ಮೆಲುವಾದ ಏರು ಮಾತ್ರ. ಒಂದು ಮಗ್ಗುಲಲ್ಲಿ ಮುರಕಲ್ಲಿನ ಗುಡ್ಡ, ಕೆಳಗೆ ಕೆಲವೇ ನೂರು ಮೀಟರ್ ಅಗಲದ ಬಯಲು, ಅಲ್ಲಿ ಅಡಿಕೆ ತೋಟ ಎಂಬ ನಮ್ಮೂರಿನ ಸಾಮಾನ್ಯ ಚಿತ್ರ 3 ಕಿ.ಮೀ. ಚೌಕದಲ್ಲಿ ಹೆಸರಿಗೂ ಉಳಿಯುವುದಿಲ್ಲ. ಕಣಿವೆಯ ಮಂಜು, ತೋಟದೊಳಗಿನ ತೇವ, ಎಲೆ ಒಣಗುವ ಹೊತ್ತು ಇವುಗಳನ್ನು ಮಾದರಿಯಿಂದ ನಿರೀಕ್ಷಿಸಬಾರದು ಎಂಬುದು ಈ ನಕ್ಷೆಯನ್ನು ನೋಡಿದಾಗಲೇ ತಿಳಿಯುತ್ತದೆ.

ನೆಲದ ಬಳಕೆಯ ನಕ್ಷೆಯನ್ನೂ ನೋಡಿರಿ. ಉಪಗ್ರಹದಿಂದ ತಯಾರಾದ ಈ ವರ್ಗೀಕರಣದಲ್ಲಿ ಅಡಿಕೆ ತೋಟಕ್ಕೆ ಪ್ರತ್ಯೇಕ ವರ್ಗವಿಲ್ಲ, ಅದು ಕಾಡಿನಲ್ಲೋ ಕೃಷಿಭೂಮಿಯಲ್ಲೋ ಸೇರಿಕೊಂಡಿರುತ್ತದೆ. ಮಳೆಗಾಲದ ನಡುವೆ ಇದರಿಂದ ದೊಡ್ಡ ವ್ಯತ್ಯಾಸವಾಗದು. ಏಪ್ರಿಲ್, ಮೇ ತಿಂಗಳಿನ ಸಂಜೆಯ ಗುಡುಗುಮಳೆಯನ್ನು ನೋಡಹೊರಟವರು ಮಾತ್ರ ಇದರ ಮೇಲೆ ಹೆಚ್ಚು ಕಣ್ಣಿಡಬೇಕು, ಏಕೆಂದರೆ ಆಗ ನೆಲ ಕಾಯುವ ರೀತಿಯೇ ಮೋಡ ಏಳುವುದನ್ನು ನಿರ್ಧರಿಸುತ್ತದೆ.

ಆರಂಭದ ದತ್ತಾಂಶ ಮತ್ತು ಗಡಿಯಾರ

ಅಮೆರಿಕದ ಜಿಎಫ್‌ಎಸ್ ಜಾಗತಿಕ ಮಾದರಿಯ 0.25 ಡಿಗ್ರಿಯ ದತ್ತಾಂಶ ದಿನಕ್ಕೆ ನಾಲ್ಕು ಬಾರಿ ಉಚಿತವಾಗಿ ಸಿಗುತ್ತದೆ. ನಮ್ಮ ಕೆಲಸಕ್ಕೆ 12 ಯುಟಿಸಿ, ಅಂದರೆ ಭಾರತೀಯ ಕಾಲಮಾನ ಸಂಜೆ 5:30ರ ದತ್ತಾಂಶವೇ ಅನುಕೂಲ. ಅದು ಕೈಗೆ ಬರುವಾಗ ರಾತ್ರಿ ಸುಮಾರು ಹತ್ತು ಗಂಟೆ. ರಾತ್ರಿಯಿಡೀ ಮಾದರಿ ಓಡಿದರೆ ಬೆಳಗ್ಗೆ ಐದರೊಳಗೆ ಫಲಿತಾಂಶ ಸಿಗುತ್ತದೆ, ಮದ್ದು ಬಿಡುವವರಿಗೆ ಫೋನ್ ಮಾಡುವ ಹೊತ್ತೂ ಅದೇ. ಇಡೀ ಭೂಗೋಳದ ಕಡತಗಳನ್ನು ಇಳಿಸಿಕೊಳ್ಳುವ ಬದಲು ನಿಮ್ಮ ಹೊರವಲಯಕ್ಕಿಂತ ಸ್ವಲ್ಪ ದೊಡ್ಡದಾದ ಭಾಗವನ್ನಷ್ಟೇ ಆಯ್ದುಕೊಂಡರೆ ಹಳ್ಳಿಯ ಇಂಟರ್ನೆಟ್ಟಿನಲ್ಲೂ ಕೆಲಸ ಸಾಗುತ್ತದೆ.

ಓಟದ ಅವಧಿಯನ್ನು 63 ಗಂಟೆಗಳೆಂದು ಇಟ್ಟುಕೊಳ್ಳಿರಿ. ಇದಕ್ಕೆ ಕಾರಣವಿದೆ. ಹವಾಮಾನ ಇಲಾಖೆಯ ಮಳೆ ದಿನ ಬೆಳಗ್ಗೆ 8:30ರಿಂದ ಮರುದಿನ 8:30ರವರೆಗೆ, ಯುಟಿಸಿಯಲ್ಲಿ ಅದು 03 ಗಂಟೆ. ಹಿಂದಿನ ಸಂಜೆ ಹೊರಟ ಓಟದಲ್ಲಿ 15ರಿಂದ 39ನೇ ಗಂಟೆಯವರೆಗೆ ಮೊದಲ ಮಳೆ ದಿನ, 39ರಿಂದ 63ರವರೆಗೆ ಎರಡನೆಯದು. ಮೂರು ಗಂಟೆಗೊಂದರಂತೆ ಒಟ್ಟು 22 ಕಡತಗಳು ಬೇಕು.

ಮೊದಲ 15 ಗಂಟೆಗಳನ್ನು ಬಿಟ್ಟುಬಿಡುವುದರಿಂದ ಮತ್ತೊಂದು ಲಾಭವಿದೆ. 25 ಕಿ.ಮೀ. ಆಸುಪಾಸಿನ ಗ್ರಿಡ್ಡಿನಿಂದ ತಂದ ದತ್ತಾಂಶದಲ್ಲಿ ಸೂಕ್ಷ್ಮ ಮೋಡಗಳೇ ಇರುವುದಿಲ್ಲ, ಅವನ್ನು ಮಾದರಿ ತಾನೇ ಬೆಳೆಸಿಕೊಳ್ಳಬೇಕು. ಆರಂಭದ ಗಾಳಿಗೂ ಒತ್ತಡಕ್ಕೂ ಇರುವ ಸಣ್ಣ ಅಸಮತೋಲನ ಕೂಡ ಶಮನವಾಗಬೇಕು. ಬ್ರಿಟಿಷ್ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ 1922ರಲ್ಲಿ ಪ್ರಕಟಿಸಿದ, ಕೈಯಿಂದಲೇ ಮಾಡಿದ ಮೊದಲ ಲೆಕ್ಕದಲ್ಲಿ ಆರು ಗಂಟೆಗೆ 145 ಹೆಕ್ಟೊಪಾಸ್ಕಲ್‌ನಷ್ಟು ಅಸಾಧ್ಯವಾದ ಒತ್ತಡದ ಏರಿಕೆ ಬಂದದ್ದು ಇಂಥ ಅಸಮತೋಲನದಿಂದಲೇ. ಆತನ ವಿಧಾನ ಸರಿಯಿತ್ತು, ಆರಂಭದ ಅಂಕಿಗಳು ಹದವಾಗಿರಲಿಲ್ಲ. ಇಂದಿನ ಮಾದರಿಗಳಲ್ಲಿ ತೊಂದರೆ ಅಷ್ಟು ದೊಡ್ಡದಲ್ಲವಾದರೂ ಮೊದಲ ಆರರಿಂದ ಹನ್ನೆರಡು ಗಂಟೆಗಳ ಮಳೆಯನ್ನು ನಂಬದಿರುವುದು ಲೇಸು.

ಭೌತಪ್ರಕ್ರಿಯೆಗಳ ಆಯ್ಕೆ

ಗ್ರಿಡ್ಡಿಗೆ ಸಿಗದ ಸಣ್ಣ ಪ್ರಕ್ರಿಯೆಗಳನ್ನು ಮಾದರಿ ಅಂದಾಜು ಸೂತ್ರಗಳಿಂದ ತುಂಬಿಕೊಳ್ಳುತ್ತದೆ. ನೇಮ್‌ಲಿಸ್ಟ್ ಎಂಬ ಕಡತದಲ್ಲಿ ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಟ್ಟು ಆಯ್ಕೆಮಾಡಬೇಕು. ಆರಂಭಕ್ಕೆ ವಿಕಿರಣಕ್ಕೆ ಆರ್‌ಆರ್‌ಟಿಎಂಜಿ, ನೆಲದ ಹತ್ತಿರದ ಪದರಕ್ಕೆ ವೈಎಸ್‌ಯು, ಭೂಮೇಲ್ಮೈಗೆ ನೋವಾ ಎಂಬ ಸೂತ್ರಗಳನ್ನು ಇಟ್ಟುಕೊಂಡರೆ ಸಾಕು. ಹೆಚ್ಚು ಯೋಚನೆ ಮಾಡಬೇಕಾದದ್ದು ಮಿಕ್ಕ ಎರಡರ ಬಗ್ಗೆ.

ಮೊದಲನೆಯದು ಮೋಡ ಸಮೂಹಗಳ ಸೂತ್ರ. 9 ಕಿ.ಮೀ. ಚೌಕಕ್ಕೆ ಒಂದೊಂದೇ ಮೋಡ ಸಿಗುವುದಿಲ್ಲವಾದ್ದರಿಂದ ಹೊರವಲಯದಲ್ಲಿ ಕೇನ್-ಫ್ರಿಟ್ಶ್ ಅಥವಾ ಗ್ರೆಲ್-ಫ್ರೈಟಾಸ್ ಸೂತ್ರ ಬೇಕು. 3 ಕಿ.ಮೀ. ವಲಯದಲ್ಲಿ ದೊಡ್ಡ ಮೋಡಗಳು ಸ್ಥೂಲವಾಗಿ ತಾವೇ ಮೂಡುತ್ತವೆ, ಅಲ್ಲಿ ಈ ಸೂತ್ರದ ಸಂಖ್ಯೆಯನ್ನು ಸೊನ್ನೆಮಾಡಿ ಅದನ್ನು ನಿಲ್ಲಿಸಿಬಿಡಿರಿ. ನಾಲ್ಕರಿಂದ ಹತ್ತು ಕಿ.ಮೀ. ನಡುವಿನ ಅಂತರಗಳಲ್ಲಿ ಸೂತ್ರ ಇದ್ದರೂ ತೊಂದರೆ, ಇಲ್ಲದಿದ್ದರೂ ತೊಂದರೆ; ನಮ್ಮ ಹೊರವಲಯದ 9 ಕಿ.ಮೀ. ಅದರ ಮೇಲಂಚಿನಲ್ಲಿದೆ. ಆದ್ದರಿಂದ ಒಳವಲಯವನ್ನು ಐದಾರು ಕಿ.ಮೀ.ಗೆ ಇಟ್ಟು ಸಮಯ ಉಳಿಸುವ ಆಲೋಚನೆ ಬೇಡ.

ಎರಡನೆಯದು ಮೋಡದೊಳಗಿನ ಹನಿ, ಹಿಮಕಣಗಳ ಲೆಕ್ಕ. ನಮ್ಮ ಕರಾವಳಿಯ ಮಳೆಗಾಲದ ಮಳೆಯಲ್ಲಿ ದೊಡ್ಡ ಪಾಲು ಗಾಳಿ ಘಟ್ಟಕ್ಕೆ ಏರುವಾಗ ಹುಟ್ಟುವ, ತೀರಾ ಎತ್ತರಕ್ಕೆ ಬೆಳೆಯದ ಮೋಡಗಳದ್ದು. ನೀರು ಹೆಪ್ಪುಗಟ್ಟುವ ಸುಮಾರು 5 ಕಿ.ಮೀ. ಎತ್ತರದ ಕೆಳಗೇ ಹನಿಗಳು ಒಂದಕ್ಕೊಂದು ಸೇರಿ ಮಳೆಯಾಗುತ್ತವೆ. ಹೀಗಾಗಿ ಬೆಚ್ಚನೆಯ ಮೋಡದಲ್ಲಿ ಹನಿ ಎಷ್ಟು ಬೇಗ ಮಳೆಹನಿಯಾಗುತ್ತದೆ ಎಂಬ ಸೂತ್ರವು ಮಳೆ ಸಮುದ್ರದ ಮೇಲೆ ಬೀಳಬೇಕೋ, ಕಾಸರಗೋಡು ಪೇಟೆಯಲ್ಲೋ, ಸುಳ್ಯದಲ್ಲೋ ಎಂಬುದನ್ನು ಬದಲಿಸಬಲ್ಲದು. ಥಾಂಪ್ಸನ್ ಸೂತ್ರದಿಂದ ಆರಂಭಿಸಿ, ಅದೇ ದಿನಗಳನ್ನು ಡಬ್ಲ್ಯುಎಸ್‌ಎಂ6 ಎಂಬ ಇನ್ನೊಂದು ಸೂತ್ರದಲ್ಲಿಯೂ ಓಡಿಸಿ ಹೋಲಿಸಿರಿ.

ಓಡಿಸುವುದು

ಇಳಿಸಿಕೊಂಡ ಕಡತಗಳನ್ನು ಬಿಚ್ಚುವ ಅನ್‌ಗ್ರಿಬ್, ಅವನ್ನು ನಿಮ್ಮ ಗ್ರಿಡ್ಡಿಗೆ ಇಳಿಸುವ ಮೆಟ್‌ಗ್ರಿಡ್, ಆರಂಭದ ಸ್ಥಿತಿಯನ್ನು ಸಿದ್ಧಪಡಿಸುವ ರಿಯಲ್, ಮುನ್ಸೂಚನೆಯ ಲೆಕ್ಕ ಮಾಡುವ ವರ್ಫ್ ಎಂಬ ನಾಲ್ಕು ಕಾರ್ಯಕ್ರಮಗಳನ್ನು ಇದೇ ಅನುಕ್ರಮದಲ್ಲಿ ನಡೆಸಬೇಕು. ಕಾಲದ ಹೆಜ್ಜೆ ಗ್ರಿಡ್ ಅಂತರದ ಕಿ.ಮೀ. ಸಂಖ್ಯೆಯ ಆರು ಪಟ್ಟು ಸೆಕೆಂಡುಗಳನ್ನು ಮೀರಬಾರದು ಎಂಬುದು ರೂಢಿಯ ನಿಯಮ. ಆ ಪ್ರಕಾರ 9 ಕಿ.ಮೀ.ಗೆ 54 ಸೆಕೆಂಡ್ ಆಗುತ್ತದಾದರೂ 45 ಇಡಿರಿ. ಗಂಟೆಗೆ ಅದು ಸರಿಯಾಗಿ ಭಾಗವಾಗುತ್ತದೆ, ಘಟ್ಟದ ಮೇಲಿನ ಬಲವಾದ ಗಾಳಿಯಲ್ಲಿ ಲೆಕ್ಕ ಸಿಡಿದುಹೋಗುವ ಭಯವೂ ಕಡಿಮೆ. ಒಳವಲಯಕ್ಕೆ 15 ಸೆಕೆಂಡ್ ಬಂದು, 63 ಗಂಟೆಗೆ 15,120 ಹೆಜ್ಜೆಗಳಾಗುತ್ತವೆ. ಏಳು ಗಂಟೆಗಳಲ್ಲಿ ಮುಗಿಯಬೇಕಾದರೆ, ಹೊರವಲಯದ ಪಾಲೂ ಸೇರಿ, ಒಂದು ಹೆಜ್ಜೆಗೆ ಒಂದೂವರೆ ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಪೂರ್ತಿ ಓಟಕ್ಕೆ ಮೊದಲು ಮೂರು ಗಂಟೆಯ ಸಣ್ಣ ಓಟ ನಡೆಸಿ, ಲಾಗ್ ಕಡತದಲ್ಲಿ ಪ್ರತಿ ಹೆಜ್ಜೆಯ ಎದುರು ಬರುವ ಸಮಯವನ್ನು ನೋಡಿದರೆ ನಿಮ್ಮ ಯಂತ್ರಕ್ಕೆ ಇದು ಆಗುವುದೇ ಎಂದು ಗೊತ್ತಾಗುತ್ತದೆ. ಆಗದಿದ್ದರೆ ಹೊರವಲಯದ ಬಿಂದುಗಳನ್ನು ತಗ್ಗಿಸಿರಿ, ಒಳವಲಯದ ಸಮುದ್ರಭಾಗಕ್ಕೆ ಕತ್ತರಿ ಹಾಕಬೇಡಿರಿ.

ಓಟ ಹೊರಟ ಕೂಡಲೇ ನಿಂತುಹೋದರೆ ಮೊದಲು ಲಿನಕ್ಸ್‌ನ ಸ್ಟ್ಯಾಕ್ ಮಿತಿಯನ್ನು ತೆಗೆದುಹಾಕಿ ನೋಡಿರಿ. ನಡುವೆ ನಿಂತು, ಲಾಗ್‌ನಲ್ಲಿ ಸಿಎಫ್‌ಎಲ್ ಎಂಬ ಎಚ್ಚರಿಕೆ (ಗ್ರಿಡ್ಡಿಗೂ ಗಾಳಿಗೂ ಕಾಲದ ಹೆಜ್ಜೆ ದೊಡ್ಡದಾಯಿತು ಎಂದು ಅರ್ಥ) ಕಂಡರೆ ಕಾಲದ ಹೆಜ್ಜೆಯನ್ನು 36ಕ್ಕೆ ಇಳಿಸಬೇಕು. ಪ್ರತಿ ಗಂಟೆಯ ಫಲಿತಾಂಶ ಉಳಿಸಿದರೆ ಒಂದು ಓಟಕ್ಕೆ ಹಲವು ಜಿಬಿ ತುಂಬುತ್ತದೆ. ಮಳೆ, ಉಷ್ಣತೆ, ತೇವಾಂಶ, ಗಾಳಿ ಇಷ್ಟನ್ನು ಬೇರ್ಪಡಿಸಿಟ್ಟು ಉಳಿದದ್ದನ್ನು ಅಳಿಸಿರಿ.

ಫಲಿತಾಂಶ ಓದುವ ಬಗೆ

ಮಾದರಿಯ ಮಳೆ ಎರಡು ಚರಗಳಲ್ಲಿ ಇರುತ್ತದೆ, ಒಂದು ಮೋಡ ಸಮೂಹದ ಸೂತ್ರದಿಂದ ಬಂದದ್ದು, ಇನ್ನೊಂದು ಗ್ರಿಡ್‌ನಲ್ಲಿ ನೇರವಾಗಿ ಮೂಡಿದ್ದು. ಎರಡನ್ನೂ ಕೂಡಿಸಬೇಕು. ಈ ಅಂಕಿ ಓಟ ಹೊರಟಾಗಿನಿಂದ ಒಟ್ಟುಗೂಡುತ್ತಾ ಬಂದದ್ದು, ಆದ್ದರಿಂದ 39ನೇ ಗಂಟೆಯ ಮೊತ್ತದಿಂದ 15ನೇ ಗಂಟೆಯದನ್ನು ಕಳೆದಾಗಲೇ ಒಂದು ಮಳೆ ದಿನದ ಮಳೆ ಸಿಗುತ್ತದೆ.

ಆಮೇಲೆ ಮುಳ್ಳೇರಿಯದ ಚೌಕವನ್ನು ಹುಡುಕಿ, ಅದೊಂದರ ಅಂಕಿಯನ್ನು ಓದಿ ಮುಗಿಸುವ ಆಸೆ ಸಹಜ. ದಯವಿಟ್ಟು ಹಾಗೆ ಮಾಡಬೇಡಿರಿ. ಆ ಚೌಕವನ್ನು ನಡುವೆ ಇಟ್ಟು ಏಳಕ್ಕೆ ಏಳರಂತೆ 49 ಚೌಕಗಳನ್ನು, ಅಂದರೆ 21 ಕಿ.ಮೀ. ಬದಿಯ ಪ್ರದೇಶವನ್ನು ತೆಗೆದುಕೊಳ್ಳಿರಿ. ಬೆಳಗ್ಗೆ 8:30ರಿಂದ ಮಧ್ಯಾಹ್ನ 2:30ರವರೆಗೆ ಯಾವ ಗಂಟೆಯಲ್ಲೂ ಅರ್ಧ ಮಿ.ಮೀ. ಮೀರಿ ಮಳೆ ಬಾರದ ಚೌಕಗಳೆಷ್ಟು ಎಂದು ಎಣಿಸಿರಿ. 49ರಲ್ಲಿ 40 ಚೌಕಗಳು ಒಣಗಿದ್ದರೆ ಮದ್ದು ಬಿಡುವ ಏರ್ಪಾಡಿಗೆ ಅದು ಬಲವಾದ ಸೂಚನೆ. 20 ಚೌಕಗಳಷ್ಟೇ ಒಣಗಿದ್ದು ನಿಮ್ಮ ಚೌಕ ಅವುಗಳಲ್ಲಿ ಒಂದಾಗಿದ್ದರೆ ಅದಕ್ಕೆ ಬೆಲೆ ಕೊಡಬಾರದು. ಹಿಂದಿನ ದಿನದ ಓಟವೂ ಇದೇ ಬೆಳಗ್ಗಿನ ಬಗ್ಗೆ ಒಂದು ಉತ್ತರ ಕೊಟ್ಟಿರುತ್ತದೆ. ಎರಡೂ ಓಟಗಳು ಒಂದೇ ಮಾತನ್ನು ಹೇಳುತ್ತಿವೆಯೇ ಎಂದು ನೋಡಿರಿ.

ಅಂಗಳದ ಮಳೆಮಾಪಕ

ನಮ್ಮ ಸೀಮೆಯ ಒಂದು ದೊಡ್ಡ ಭಾಗ್ಯವೆಂದರೆ ಅಡಿಕೆ ಕೃಷಿಕರಲ್ಲಿ ಹಲವರು ಮನೆಯಲ್ಲಿ ಮಳೆಮಾಪಕ ಇಟ್ಟು, ದಿನದಿನದ ಮಳೆಯನ್ನು ಪುಸ್ತಕದಲ್ಲಿ ಬರೆದಿಡುವುದು. ಇಂಥ ದಾಖಲೆ ಇಲ್ಲದೆ ಮಾದರಿಯನ್ನು ಪರೀಕ್ಷಿಸುವ ಬೇರೆ ದಾರಿಗಳು ಕಡಿಮೆ. ಅದನ್ನು ಕೇಳಿ ಪಡೆಯುವ ಮೊದಲು ಮೂರು ಸಂಗತಿ ವಿಚಾರಿಸಿರಿ: ಅಳತೆ ತೆಗೆಯುವುದು ಬೆಳಗ್ಗೆ 8:30ಕ್ಕೇ? ಬರೆದ ತಾರೀಕು ಮಳೆ ಆರಂಭವಾದ ದಿನದ್ದೋ ಅಳೆದ ದಿನದ್ದೋ? ಮಾಪಕ ಇರುವ ಜಾಗ ಬಯಲೇ? ಹತ್ತಿರದ ಮರ ಅಥವಾ ಮನೆಯ ಮಾಡಿನ ಎತ್ತರದ ಕನಿಷ್ಠ ಎರಡು ಪಟ್ಟು ದೂರದಲ್ಲಿ ಮಾಪಕ ಇರಬೇಕು. ಅಡಿಕೆ ಒಣಗಿಸುವ ಅಂಗಳದ ನಡುಭಾಗ ಸಾಮಾನ್ಯವಾಗಿ ಹೊಂದುತ್ತದೆ, ತೋಟದ ಅಂಚು ಹೊಂದುವುದಿಲ್ಲ, ಸೋಗೆಯಿಂದ ತೊಟ್ಟಿಕ್ಕುವ ನೀರೂ ಅದರೊಳಗೆ ಸೇರುತ್ತದೆ. ತಾರೀಕು ಒಂದು ದಿನ ಹಿಂದುಮುಂದಾದರೆ ಎಷ್ಟೇ ಒಳ್ಳೆಯ ಮಾದರಿಯೂ ತಪ್ಪಾಗಿ ಕಾಣುತ್ತದೆ.

ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ 64.5 ಮಿ.ಮೀ.ಯಿಂದ ಭಾರೀ ಮಳೆ, 115.6ರಿಂದ ಅತಿ ಭಾರೀ, 204.5 ಮತ್ತು ಅದಕ್ಕೂ ಮೇಲಾದರೆ ಅತ್ಯಂತ ಭಾರೀ. ಇಂಥ ಒಂದು ಗಡಿಯನ್ನು ಆಯ್ದುಕೊಂಡು ನಾಲ್ಕು ಖಾನೆಗಳ ಕೋಷ್ಟಕ ಬರೆಯಿರಿ: ಹೇಳಿದ್ದು ಬಂದದ್ದು, ಹೇಳದೆ ಬಂದದ್ದು, ಹೇಳಿ ಬಾರದ್ದು, ಎರಡೂ ಇಲ್ಲದ್ದು. ಭಾರೀ ಮಳೆಯ 20 ದಿನಗಳಲ್ಲಿ ಮಾದರಿ 12ನ್ನು ಹೇಳಿತ್ತು, ಇನ್ನು 10 ದಿನ ಸುಮ್ಮನೆ ಹೇಳಿತ್ತು ಎಂದುಕೊಂಡರೆ, ಹಿಡಿದ ಪ್ರಮಾಣ 0.60, ಹುಸಿ ಎಚ್ಚರಿಕೆಯ ಪ್ರಮಾಣ 22ರಲ್ಲಿ 10, ಅಂದರೆ 0.45. ಒಂದೇ ಅಂಕಿಯನ್ನು ಹೇಳಿ ಇನ್ನೊಂದನ್ನು ಮುಚ್ಚಿಡಬಾರದು. ದಿನವೂ ಭಾರೀ ಮಳೆ ಎಂದು ಹೇಳುವ ಮಾದರಿಯ ಹಿಡಿದ ಪ್ರಮಾಣ ಪೂರ್ತಿ ಒಂದೇ ಆಗಿರುತ್ತದೆ.

ಈ ಲೆಕ್ಕದಲ್ಲೂ 49 ಚೌಕಗಳ ನೆರೆಹೊರೆಯನ್ನೇ ಬಳಸಿರಿ. ಮಳೆಪಟ್ಟಿಯನ್ನು ಮಾದರಿ ಹತ್ತು ಕಿ.ಮೀ. ಉತ್ತರಕ್ಕೆ ಸರಿಸಿ ತೋರಿಸಿದರೆ, ಬಿಂದುವಿಗೆ ಬಿಂದು ಹೋಲಿಸುವಾಗ ಅದಕ್ಕೆ ಎರಡು ಶಿಕ್ಷೆ: ಇಲ್ಲಿ ಹೇಳಲಿಲ್ಲ, ಅಲ್ಲಿ ಸುಮ್ಮನೆ ಹೇಳಿತು. ಮಳೆಯೇ ಇಲ್ಲವೆಂದ ಮಾದರಿಗೆ ಒಂದೇ ಶಿಕ್ಷೆ. ಇದು ನ್ಯಾಯವಲ್ಲ. ಸೂಕ್ಷ್ಮ ಗ್ರಿಡ್ ಮಾದರಿಗಳಿಗಾಗಿ ರಾಬರ್ಟ್ಸ್ ಮತ್ತು ಲೀನ್ ಎಂಬ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ, ಅಕ್ಕಪಕ್ಕದ ಚೌಕಗಳಲ್ಲಿ ಎಷ್ಟು ಪಾಲಿಗೆ ಮಳೆ ಬಂತು ಎಂದು ಹೋಲಿಸುವ ಅಂಕ ಇದೇ ತೊಡಕಿಗೆ ಉತ್ತರ.

ಹೋಲಿಕೆಗೆ ಒಬ್ಬ ಎದುರಾಳಿಯೂ ಬೇಕು. ‘ನಿನ್ನೆ ಬಂದಷ್ಟೇ ಇಂದೂ ಬರುತ್ತದೆ’ ಎಂಬ ಊಹೆಯನ್ನು ಒಂದು ಮುನ್ಸೂಚನೆ ಎಂದೇ ಭಾವಿಸಿ ಅದೇ ಕೋಷ್ಟಕದಲ್ಲಿ ತೂಗಿ ನೋಡಿರಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿದರೆ ದಿನಗಟ್ಟಲೆ ಬಿಡದಿರುವುದರಿಂದ ಈ ಊಹೆ ಸಾಕಷ್ಟು ಗಟ್ಟಿ ಎದುರಾಳಿ. ಜಿಎಫ್‌ಎಸ್‌ನ ಮಳೆಯನ್ನೂ ಹಾಗೆಯೇ ಎದುರಿಗಿಡಿರಿ. ನಿಮ್ಮ ಮಾದರಿ ಈ ಎರಡನ್ನೂ ಮೀರದಿದ್ದರೆ ರಾತ್ರಿಯಿಡೀ ಕಂಪ್ಯೂಟರ್ ಓಡಿದ್ದಕ್ಕೆ ಫಲವಿಲ್ಲ, ಆಗ 1 ಕಿ.ಮೀ. ಗ್ರಿಡ್ಡಿಗೆ ಹೋಗುವುದು ಪರಿಹಾರವೂ ಅಲ್ಲ. ಮೇ ತಿಂಗಳ ಗುಡುಗುಮಳೆಯ ಅಂಕಗಳನ್ನು ಮಳೆಗಾಲದ ಅಂಕಗಳೊಂದಿಗೆ ಬೆರೆಸಬೇಡಿರಿ. ಗುಡುಗುಮೋಡ ಎಲ್ಲಿ, ಯಾವ ಗಂಟೆಗೆ ಏಳುತ್ತದೆ ಎಂಬುದರಲ್ಲಿ ಮಾದರಿಯ ತಪ್ಪು ಬಹಳ ಹೆಚ್ಚು.

ನಿಮ್ಮ ಓಟದ ನಕ್ಷೆಗಳನ್ನು ಎಚ್ಚರಿಕೆಯ ರೂಪದಲ್ಲಿ ವಾಟ್ಸ್‌ಆಪ್ ಗುಂಪುಗಳಿಗೆ ಹಂಚಬಾರದು. ಕಾಸರಗೋಡಿಗೆ ತಿರುವನಂತಪುರದ ಹವಾಮಾನ ಕೇಂದ್ರ, ಗಡಿಯಾಚೆಯ ದಕ್ಷಿಣ ಕನ್ನಡಕ್ಕೆ ಬೆಂಗಳೂರಿನ ಕೇಂದ್ರ ಎಚ್ಚರಿಕೆ ಕೊಡುತ್ತವೆ. ಹೊಳೆ ಬದಿಯವರು ಎರಡನ್ನೂ ಗಮನಿಸಬೇಕು, ಮನೆ ಬಿಟ್ಟು ಹೋಗುವಂಥ ತೀರ್ಮಾನಗಳು ಆ ಎಚ್ಚರಿಕೆಗಳ ಮೇಲೆಯೇ ನಡೆಯಬೇಕು.

ಒಂದು ಪೂರ್ತಿ ಮಳೆಗಾಲ, ಜೂನ್ ಒಂದರಿಂದ ಸೆಪ್ಟೆಂಬರ್ ಕೊನೆಯವರೆಗೆ, ವ್ಯವಸ್ಥೆಯಲ್ಲಿ ಏನನ್ನೂ ಬದಲಿಸದೆ ದಿನವೂ ಓಡಿಸಿ ಫಲಿತಾಂಶ ಕಾದಿಡಿರಿ. ಬದಲಾವಣೆಗಳನ್ನು ಅದೇ ದಿನಗಳ ಮೇಲೆ ಮಳೆಗಾಲ ಮುಗಿದ ಬಳಿಕ, ಒಂದು ಸಲಕ್ಕೆ ಒಂದರಂತೆ ಮಾಡಬಹುದು. ಅದಕ್ಕಾಗಿ ಪ್ರತಿ ರಾತ್ರಿ ಇಳಿಸಿಕೊಂಡ ಜಿಎಫ್‌ಎಸ್ ಭಾಗಗಳನ್ನು ಅಳಿಸದೆ ಇಟ್ಟಿರಬೇಕು. ಮೊದಲು ಮೋಡದ ಹನಿಗಳ ಸೂತ್ರವನ್ನು, ಆಮೇಲೆ ನೆಲದ ಹತ್ತಿರದ ಪದರದ ಸೂತ್ರವನ್ನು ಬದಲಿಸಿ ನೋಡಿರಿ. ಗ್ರಿಡ್ ಅಂತರವನ್ನು ಮುಟ್ಟುವುದು ಇವೆರಡೂ ಮುಗಿದ ಮೇಲೆ.